ಇಂಗ್ಲೆಂಡಿನಲ್ಲಿ ಆಸ್ತಿ ಇತ್ಯರ್ಥ: ಸಾಲಿಸಿಟರ್ ಫೀಸಿನ ಗಂಟು ಬಿಚ್ಚುವುದು ಹೇಗೆ?

ನಮ್ಮ ಸೋದರಮಾವ 1970ರ ದಶಕದಲ್ಲಿ ಡಾಕ್ಟರಾಗಿ ಇಂಗ್ಲೆಂಡಿಗೆ ಬಂದವರು. ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಲ್ಲಿ ಮನೆ ಮಾಡಿ ಅಲ್ಲೇ ಉಳಿದರು. ಅವರು ತೀರಿಕೊಂಡಾಗ ವಿಲ್‌ನಲ್ಲಿ ಎಕ್ಸಿಕ್ಯೂಟರ್ ಅಂತ ಇಬ್ಬರ ಹೆಸರಿತ್ತು. ಒಂದು ಅತ್ತೆಯದು, ಇನ್ನೊಂದು ನನ್ನದು. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಒಬ್ಬ ಸಾಲಿಸಿಟರ್ (ಇಲ್ಲಿನ ವಕೀಲರು) ಆಫೀಸಿನಿಂದ ಪತ್ರ ಬಂತು. 'ಒಟ್ಟು ಎಸ್ಟೇಟಿನ 1.5 ಪರ್ಸೆಂಟ್, ಅದರ ಮೇಲೆ ವ್ಯಾಟ್, ಅದರ ಮೇಲೆ ಡಿಸ್ಬರ್ಸ್‌ಮೆಂಟ್' ಎಂದಿತ್ತು. ಅತ್ತೆ ಚಿಕ್ಕಮಗಳೂರಿನವರು. ಎಸ್ಟೇಟ್ ಅಂದರೆ ಅವರಿಗೆ ಕಾಫಿ ತೋಟ. "ನಮಗೆಲ್ಲಿಯ ಎಸ್ಟೇಟ್ ಕಣೋ?" ಅಂದರು.

ಇಲ್ಲಿ ಎಸ್ಟೇಟ್ ಅಂದರೆ ತೀರಿಕೊಂಡವರು ಬಿಟ್ಟುಹೋದದ್ದೆಲ್ಲ. ಮನೆ, ಬ್ಯಾಂಕಿನ ದುಡ್ಡು, ಷೇರು, ಕಾರು, ಒಡವೆ, ಕೊನೆಗೆ ಬೆಂಗಳೂರಿನ ಸೈಟು ಕೂಡ. ಅದನ್ನೆಲ್ಲ ಒಟ್ಟು ಮಾಡಿ, ಸಾಲ ತೀರಿಸಿ, ತೆರಿಗೆ ಕಟ್ಟಿ, ಉಳಿದದ್ದನ್ನು ವಾರಸುದಾರರಿಗೆ ಹಂಚುವುದು ಎಕ್ಸಿಕ್ಯೂಟರ್ ಕೆಲಸ. ಆ ಕೆಲಸದಲ್ಲಿ ಸಾಲಿಸಿಟರ್‌ಗೆ ಎಷ್ಟು ಕೊಡಬೇಕು, ಯಾಕೆ ಕೊಡಬೇಕು ಎಂಬುದು ನನಗೆ ಆ ಪತ್ರ ಕೈಗೆ ಬರುವವರೆಗೂ ಗೊತ್ತಿರಲಿಲ್ಲ. ಆಮೇಲೆ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಇದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ಕಾನೂನೇ ಬೇರೆ, ಅಲ್ಲಿ ಪ್ರೊಬೇಟ್ ಬದಲು ಕನ್ಫರ್ಮೇಶನ್ ಅನ್ನುತ್ತಾರೆ.

ಮೊದಲ ಹೆಜ್ಜೆ: ಪ್ರೊಬೇಟ್ ಬೇಕೇ ಬೇಕಾ ನೋಡಿ

ಪ್ರೊಬೇಟ್ ಅಂದರೆ 'ಈ ಆಸ್ತಿಯನ್ನು ವಿಲೇವಾರಿ ಮಾಡುವ ಹಕ್ಕು ಇವರಿಗಿದೆ' ಎಂದು ಪ್ರೊಬೇಟ್ ರಿಜಿಸ್ಟ್ರಿ ಕೊಡುವ ಪತ್ರ. ಅದನ್ನು ಗ್ರಾಂಟ್ ಅಂತಲೂ ಕರೆಯುತ್ತಾರೆ. ವಿಲ್ ಇಲ್ಲದಿದ್ದರೆ ಸಿಗುವ ಪತ್ರದ ಹೆಸರು ಬೇರೆ, ಕೆಲಸ ಹೆಚ್ಚು ಕಡಿಮೆ ಅದೇ.

ಎಲ್ಲ ಸಾವಿಗೂ ಇದು ಬೇಕಾಗುವುದಿಲ್ಲ. ಗಂಡ ಹೆಂಡತಿ ಜಂಟಿ ಹೆಸರಿನಲ್ಲಿಟ್ಟ ಬ್ಯಾಂಕ್ ಖಾತೆ ಉಳಿದವರಿಗೆ ತಾನಾಗಿ ಹೋಗುತ್ತದೆ. ಮನೆ 'ಜಾಯಿಂಟ್ ಟೆನೆಂಟ್ಸ್' ರೀತಿಯಲ್ಲಿ ಇಬ್ಬರ ಹೆಸರಿನಲ್ಲಿದ್ದರೆ ಅದೂ ಹಾಗೆಯೇ. 'ಟೆನೆಂಟ್ಸ್ ಇನ್ ಕಾಮನ್' ಆಗಿದ್ದರೆ ಮಾತ್ರ ತೀರಿಕೊಂಡವರ ಪಾಲು ವಿಲ್ ಪ್ರಕಾರ ಹೋಗುತ್ತದೆ. ಯಾವುದು ಅಂತ ತಿಳಿಯಲು ಲ್ಯಾಂಡ್ ರಿಜಿಸ್ಟ್ರಿಯಿಂದ ಟೈಟಲ್ ಪ್ರತಿ ತರಿಸಿ. ಆನ್‌ಲೈನಿನಲ್ಲಿ ಕೆಲವೇ ಪೌಂಡಿಗೆ ಸಿಗುತ್ತದೆ. ಬದುಕಿರುವ ಒಬ್ಬರೇ ಮಾರುವಂತಿಲ್ಲ ಎಂಬ ಅರ್ಥದ ನಿರ್ಬಂಧ ಅದರಲ್ಲಿ ನಮೂದಾಗಿದ್ದರೆ, ಸಾಮಾನ್ಯವಾಗಿ ಅದು ಟೆನೆಂಟ್ಸ್ ಇನ್ ಕಾಮನ್.

ಅತ್ತೆ ಮಾವನ ಮನೆ ಜಾಯಿಂಟ್ ಟೆನೆಂಟ್ಸ್ ಆಗಿತ್ತು. ಮಾವನ ಹೆಸರು ತೆಗೆಸಲು ಡಿಜೆಪಿ ಎಂಬ ಫಾರಂ ತುಂಬಿ, ಮರಣ ಪ್ರಮಾಣಪತ್ರ ಲಗತ್ತಿಸಿ ಕಳಿಸಿದೆವು. ಅದಕ್ಕೆ ಫೀಸೇ ಇಲ್ಲ. ಆದರೆ ಆ ಮೊದಲ ಪತ್ರದಲ್ಲಿ ಮನೆಯ ಬೆಲೆಯನ್ನೂ ಸೇರಿಸಿ ಪರ್ಸೆಂಟ್ ಹಾಕಿದ್ದರು! ಅದರ ಲೆಕ್ಕ ಮುಂದೆ ಹೇಳುತ್ತೇನೆ. ಒಂದು ಮಾತು ನೆನಪಿರಲಿ. ಜಂಟಿ ಮನೆ ಪ್ರೊಬೇಟ್‌ನಿಂದ ಹೊರಗೆ ಉಳಿದರೂ, ಇನ್ಹೆರಿಟೆನ್ಸ್ ಟ್ಯಾಕ್ಸ್ (ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ) ಲೆಕ್ಕಕ್ಕೆ ತೀರಿಕೊಂಡವರ ಪಾಲು ಬರುತ್ತದೆ.

ಒಬ್ಬರ ಹೆಸರಿನಲ್ಲೇ ಇರುವ ಖಾತೆಗೂ ಪ್ರತಿ ಬ್ಯಾಂಕು ತನ್ನದೇ ಮಿತಿ ಇಟ್ಟುಕೊಂಡಿರುತ್ತದೆ. 5,000 ಪೌಂಡಿನಿಂದ 50,000 ಪೌಂಡಿನವರೆಗೆ ಇದು ಬದಲಾಗುತ್ತದೆ. ಆ ಮಿತಿಯೊಳಗಿದ್ದರೆ ಗ್ರಾಂಟ್ ಕೇಳದೆ ದುಡ್ಡು ಕೊಡುತ್ತಾರೆ. ಹಾಗಾಗಿ ಸಾಲಿಸಿಟರ್‌ಗೆ ಫೋನ್ ಮಾಡುವ ಮೊದಲು ಬ್ಯಾಂಕುಗಳಿಗೆ ಫೋನ್ ಮಾಡಿ. ತೀರಿಕೊಂಡವರ ಖಾತೆಗಳನ್ನು ನೋಡಿಕೊಳ್ಳಲು ಪ್ರತಿಯೊಂದರಲ್ಲೂ ಬೆರೀವ್ಮೆಂಟ್ ವಿಭಾಗ ಅಂತ ಇರುತ್ತದೆ. ಅಂತ್ಯಕ್ರಿಯೆಯ ಬಿಲ್ಲನ್ನು ಮೃತರ ಖಾತೆಯಿಂದಲೇ ನೇರವಾಗಿ ಕಟ್ಟಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುತ್ತವೆ.

ಎರಡನೇ ಹೆಜ್ಜೆ: ವಿಲ್ ಇಟ್ಟುಕೊಂಡವರೇ ಕೆಲಸ ಮಾಡಬೇಕೆಂದಿಲ್ಲ

ಇದು ತುಂಬ ಜನ ಎಡವುವ ಜಾಗ. ವಿಲ್ ಬರೆದುಕೊಟ್ಟ ಆಫೀಸಿನ ಕಪಾಟಿನಲ್ಲೇ ಮೂಲ ವಿಲ್ ಇರುತ್ತದೆ. 'ವಿಲ್ ನಮ್ಮಲ್ಲಿದೆ, ಬನ್ನಿ ಮಾತಾಡೋಣ' ಅಂತ ಕರೆಯುತ್ತಾರೆ. ಹೋದವರು ಅಲ್ಲೇ ಸಹಿ ಹಾಕಿ ಬರುತ್ತಾರೆ. ವಿಲ್ ಅವರ ಬಳಿ ಇದ್ದ ಮಾತ್ರಕ್ಕೆ ಕೆಲಸ ಅವರಿಗೇ ಕೊಡಬೇಕೆಂಬ ಕಾನೂನು ಇಲ್ಲ. ನೀವು ಎಕ್ಸಿಕ್ಯೂಟರ್ ಆಗಿದ್ದರೆ ಗುರುತಿನ ದಾಖಲೆ ತೋರಿಸಿ ಮೂಲ ವಿಲ್ ಕೇಳಿ ಪಡೆಯಬಹುದು.

ವಿಲ್‌ನಲ್ಲಿ ಆ ಸಾಲಿಸಿಟರೇ ಎಕ್ಸಿಕ್ಯೂಟರ್ ಆಗಿದ್ದರೆ ಮಾತು ಬೇರೆ. ಆಗ ಹಕ್ಕು ಅವರದು. ವೃತ್ತಿಪರ ಎಕ್ಸಿಕ್ಯೂಟರ್ ಆದ್ದರಿಂದ ಫೀಸೂ ತೆಗೆದುಕೊಳ್ಳಬಹುದು. ಆದರೂ 'ನಾವೇ ಮಾಡಿಕೊಳ್ಳುತ್ತೇವೆ, ದಯವಿಟ್ಟು ಹಿಂದೆ ಸರಿಯಿರಿ' ಅಂತ ಬರೆದು ಕೇಳಬಹುದು. ಒಪ್ಪಿದರೆ ಪಿಎ15 ಎಂಬ ಫಾರಂಗೆ ಸಹಿ ಹಾಕಿ ಬಿಟ್ಟುಕೊಡುತ್ತಾರೆ. ಇದನ್ನು ಬೇಗ ಕೇಳಬೇಕು. ಎಕ್ಸಿಕ್ಯೂಟರ್ ಆಗಿ ಕೆಲಸಕ್ಕೆ ಕೈ ಹಾಕಿದ ಮೇಲೆ ಹಾಗೆ ಸರಿಯಲು ಬರುವುದಿಲ್ಲ. ಈ ನಿಯಮ ನಿಮಗೂ ಅನ್ವಯಿಸುತ್ತದೆ. ಜವಾಬ್ದಾರಿ ಬೇಡ ಅನ್ನಿಸಿದರೆ ಮೃತರ ದುಡ್ಡು ಮುಟ್ಟುವ ಮೊದಲೇ ಹೇಳಿಬಿಡಿ.

ಇನ್ನು ನಮ್ಮಂಥ ಮನೆಯವರು ಎಕ್ಸಿಕ್ಯೂಟರ್ ಆದರೆ ನಮ್ಮ ಸಮಯಕ್ಕೆ ಕೂಲಿ ಇಲ್ಲ. ಅಂಚೆ, ರೈಲು ಟಿಕೆಟ್ ಥರದ ಕೈಯಿಂದ ಹಾಕಿದ ಖರ್ಚು ಮಾತ್ರ ಎಸ್ಟೇಟಿನಿಂದ ವಾಪಸ್ ಪಡೆಯಬಹುದು. ರಸೀದಿ ಇಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಗಂಟು ಬಿಚ್ಚಿ

ಸಾಲಿಸಿಟರ್ ಮಾಡುವುದು ಒಂದು ಕೆಲಸವಲ್ಲ, ಮೂರು. ಮೂರನ್ನೂ ಒಂದೇ ಗಂಟು ಕಟ್ಟಿ ರೇಟು ಹೇಳುತ್ತಾರೆ. ಫೀಸು ಅರ್ಥವಾಗಬೇಕಾದರೆ ಮೊದಲು ಗಂಟು ಬಿಚ್ಚಬೇಕು.

ಒಂದನೆಯದು, ಆಸ್ತಿ ಸಾಲಗಳ ಪಟ್ಟಿ ಮಾಡಿ, ಅರ್ಜಿ ಹಾಕಿ ಗ್ರಾಂಟ್ ತರುವುದು. ಎರಡನೆಯದು, ತೆರಿಗೆಯ ಲೆಕ್ಕ. ಮೂರನೆಯದು, ಗ್ರಾಂಟ್ ಬಂದ ಮೇಲೆ ಬ್ಯಾಂಕುಗಳಿಂದ ದುಡ್ಡು ಎತ್ತಿ, ಬಿಲ್ಲು ಕಟ್ಟಿ, ಷೇರು ಮಾರಿ, ಪಾಲು ಹಂಚಿ, ಕೊನೆಯ ಲೆಕ್ಕಪತ್ರ ಕೊಡುವುದು. ಈ ಮೂರನೆಯದನ್ನು ಎಸ್ಟೇಟ್ ಅಡ್ಮಿನಿಸ್ಟ್ರೇಷನ್ ಅನ್ನುತ್ತಾರೆ. ಹೆಚ್ಚು ಗಂಟೆ ತಿನ್ನುವುದು ಇದೇ. ವಿಚಿತ್ರ ಅಂದರೆ ಇದರಲ್ಲಿ ಕಾನೂನಿಗಿಂತ ಗುಮಾಸ್ತಿಕೆಯೇ ಜಾಸ್ತಿ. ಪತ್ರ ಬರೆಯುವುದು, ಫಾರಂ ತುಂಬುವುದು, ಫೋನಿನಲ್ಲಿ ಕಾಯುವುದು. ವಿಲ್ ಸರಳವಾಗಿದ್ದು, ಮನೆಯವರಲ್ಲಿ ಜಗಳ ಇಲ್ಲದಿದ್ದರೆ, ಕಂಪ್ಯೂಟರ್ ಮುಂದೆ ಕೂರುವ ತಾಳ್ಮೆ ಇರುವ ಯಾರೂ ಇದನ್ನು ಮಾಡಬಹುದು.

ನಾವು ಮೂರನೆಯದನ್ನು ನಾವೇ ಮಾಡಿದೆವು. ಮೊದಲ ಎರಡಕ್ಕೆ ಸಾಲಿಸಿಟರ್ ಹಿಡಿದೆವು. ಯಾಕೆ ಅಂತ ಬೆಂಗಳೂರಿನ ಸೈಟಿನ ವಿಷಯ ಬಂದಾಗ ಹೇಳುತ್ತೇನೆ.

ಇನ್ನೊಂದು ಎಚ್ಚರ. ಪ್ರೊಬೇಟ್ ಅರ್ಜಿಯ ಕಾಗದಗಳನ್ನು ದುಡ್ಡಿಗೆ ಸಿದ್ಧ ಮಾಡಿಕೊಡಲು ಕಾನೂನಿನಲ್ಲಿ ಪರವಾನಗಿ ಬೇಕು. ಆದರೆ ಮೂರನೆಯ ಕೆಲಸಕ್ಕೆ ಬೇಕಿಲ್ಲ. ಆದ್ದರಿಂದ 'ಪ್ರೊಬೇಟ್ ಸರ್ವಿಸ್' ಅಂತ ಬೋರ್ಡು ಹಾಕಿದವರೆಲ್ಲ ಸಾಲಿಸಿಟರುಗಳಲ್ಲ. ಯಾವ ನಿಯಂತ್ರಣವೂ ಇಲ್ಲದ ಕಂಪನಿ ಕೈಕೊಟ್ಟರೆ ವಕೀಲರ ಮೇಲಿನ ದೂರು ವಿಚಾರಿಸುವ ಲೀಗಲ್ ಆಂಬುಡ್ಸ್‌ಮನ್ ಬಳಿಗೆ ಹೋಗಲು ಆಗದು. ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಅಸಲಿ ಯಾರು ಅಂತ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ನಾಲ್ಕನೇ ಹೆಜ್ಜೆ: ಫೀಸಿನ ಮೂರು ಬಗೆ, ಒಂದೊಂದರ ಲೆಕ್ಕ

ಮೊದಲನೆಯದು ಪರ್ಸೆಂಟ್. ನಮಗೆ ಬಂದ ಪತ್ರ ಇದೇ ಜಾತಿಯದು. ಮನೆ 4,20,000 ಪೌಂಡ್, ಮಾವನ ಹೆಸರಿನ ಉಳಿತಾಯ 1,40,000, ಷೇರು ಮತ್ತಿತರ ಹೂಡಿಕೆ 60,000. ಒಟ್ಟು 6,20,000. ಅದರ 1.5 ಪರ್ಸೆಂಟ್ ಅಂದರೆ 9,300 ಪೌಂಡ್. ಅದರ ಮೇಲೆ 20 ಪರ್ಸೆಂಟ್ ವ್ಯಾಟ್ 1,860. ಒಟ್ಟು 11,160 ಪೌಂಡ್. ಈಗ ತಾನಾಗಿ ಅತ್ತೆಗೆ ಹೋಗುವ ಮನೆಯನ್ನು ಪಕ್ಕಕ್ಕಿಡಿ. ಉಳಿದದ್ದು 2,00,000. ಅದರ 1.5 ಪರ್ಸೆಂಟ್ 3,000, ವ್ಯಾಟ್ ಸೇರಿ 3,600. ಒಂದೇ ದರ, ಒಂದೇ ಕೆಲಸ. ಯಾವುದರ ಪರ್ಸೆಂಟ್ ಅಂತ ಕೇಳಿದ್ದಕ್ಕೆ 7,560 ಪೌಂಡ್ ವ್ಯತ್ಯಾಸ.

ಆದ್ದರಿಂದ ಪರ್ಸೆಂಟ್ ಹೇಳಿದರೆ ಮೂರು ಪ್ರಶ್ನೆ ಕೇಳಿ. ಜಂಟಿ ಆಸ್ತಿ ಸೇರಿದೆಯಾ? ಸಾಲ ಕಳೆಯುವ ಮೊದಲಿನ ಮೊತ್ತವಾ, ಕಳೆದ ಮೇಲಿನದಾ? 4 ಲಕ್ಷ ಪೌಂಡಿನ ಮನೆಗೆ ಒಂದೂವರೆ ಲಕ್ಷ ಮಾರ್ಟ್‌ಗೇಜ್ ಬಾಕಿ ಇದ್ದರೆ, ಮೊದಲಿನ ಮೊತ್ತದ ಮೇಲೆ ಪರ್ಸೆಂಟ್ ಹಾಕುವುದು ಅಂದರೆ ಬ್ಯಾಂಕಿನ ದುಡ್ಡಿಗೂ ನೀವು ಫೀಸು ಕೊಟ್ಟಂತೆ. ಮೂರನೆಯದು, ವಾಸದ ಮನೆಗೆ ದರ ಅರ್ಧ ಮಾಡುತ್ತೀರಾ? ಹಿಂದಿನಿಂದಲೂ ಈ ವೃತ್ತಿಯಲ್ಲಿ ಮನೆಗೆ ಅರ್ಧ ದರ ಹಾಕುವ ರೂಢಿ ಇದೆ. ಕೇಳದಿದ್ದರೆ ತಾವಾಗಿ ಹೇಳದಿರಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಸಾಮಾನ್ಯ ಕುಟುಂಬಕ್ಕೆ ಪರ್ಸೆಂಟ್ ಸರಿಯಾದ ಅಳತೆಯೇ ಅಲ್ಲ. ಒಂದೇ ಖಾತೆಯಲ್ಲಿ ಎರಡು ಲಕ್ಷ ಇದ್ದರೂ, ಇಪ್ಪತ್ತು ಸಾವಿರ ಇದ್ದರೂ, ಖಾತೆ ಮುಚ್ಚಿಸಲು ಬರೆಯುವ ಪತ್ರ ಒಂದೇ.

ಎರಡನೆಯದು ಗಂಟೆಯ ಲೆಕ್ಕ. ಗಂಟೆಯನ್ನು ಆರು ಆರು ನಿಮಿಷದ ಹತ್ತು ತುಂಡು ಮಾಡುತ್ತಾರೆ. ಒಂದು ತುಂಡಿಗೆ ಯೂನಿಟ್ ಅಂತ ಹೆಸರು. ಎರಡು ನಿಮಿಷ ಮಾತಾಡಿದರೂ ಸಾಮಾನ್ಯವಾಗಿ ಒಂದು ಯೂನಿಟ್. ಗಂಟೆಗೆ 250 ಪೌಂಡ್ ಅಂದುಕೊಳ್ಳಿ. ಯೂನಿಟ್‌ಗೆ 25, ವ್ಯಾಟ್ ಸೇರಿ 30 ಪೌಂಡ್. ಇಪ್ಪತ್ತು ಗಂಟೆ ಕೆಲಸವಾದರೆ 5,000, ವ್ಯಾಟ್ ಸೇರಿ 6,000. ಇಲ್ಲಿ ಕೇಳಬೇಕಾದದ್ದು ದರ ಎಷ್ಟು ಅಂತ ಮಾತ್ರ ಅಲ್ಲ, ಕೆಲಸ ಯಾರು ಮಾಡುತ್ತಾರೆ ಅಂತ. ಕೆಲಸ ಮಾಡುವವರನ್ನು ಅನುಭವದ ಮೇಲೆ ಎ, ಬಿ, ಸಿ, ಡಿ ಅಂತ ವಿಂಗಡಿಸುತ್ತಾರೆ. ಎ ಅಂದರೆ ಎಂಟು ವರ್ಷಕ್ಕಿಂತ ಹೆಚ್ಚು ಅನುಭವದ ಸಾಲಿಸಿಟರ್. ಡಿ ಅಂದರೆ ಟ್ರೈನಿ, ಪ್ಯಾರಾಲೀಗಲ್. ಬ್ಯಾಂಕಿಗೆ ಪತ್ರ ಬರೆಯಲು ಎ ದರ್ಜೆಯವರು ಬೇಡ. ತೆರಿಗೆ ಫಾರಂಗೆ ಡಿ ದರ್ಜೆಯವರು ಸಾಲದು. ಯಾವುದನ್ನು ಯಾರು ಮಾಡುತ್ತಾರೆ ಅಂತ ಬರೆಸಿಕೊಳ್ಳಿ.

ಗಂಟೆಯ ದರದ ಜೊತೆಗೆ ಪರ್ಸೆಂಟನ್ನೂ ಸೇರಿಸುವವರಿದ್ದಾರೆ. ಇದು ಕಾನೂನುಬಾಹಿರ ಅಲ್ಲ. ಒಟ್ಟು ಮೊತ್ತ ನ್ಯಾಯವಾಗಿದ್ದರೆ ಎರಡನ್ನೂ ಹಾಕಬಹುದು ಅಂತ 2003ರಲ್ಲಿ ಇಲ್ಲಿನ ಕೋರ್ಟ್ ಆಫ್ ಅಪೀಲ್ ಹೇಳಿದೆ. ಒಟ್ಟು ಫೀಸು ನ್ಯಾಯವೂ ಸಮಂಜಸವೂ ಆಗಿರಬೇಕು ಎಂದು ಸಾಲಿಸಿಟರ್ ಫೀಸಿನ ಬಗೆಗಿನ 2009ರ ಸಂಭಾವನೆ ಆದೇಶವೂ ಹೇಳುತ್ತದೆ. ಬಿಲ್ಲಿನ ಬಗ್ಗೆ ತಕರಾರು ಬಂದರೆ ಹಿಡಿದುಕೊಳ್ಳಬೇಕಾದ ಮಾತು ಇದೇ.

ಮೂರನೆಯದು ಫಿಕ್ಸೆಡ್ ಫೀ. ಇಷ್ಟು ಕೆಲಸಕ್ಕೆ ಇಷ್ಟೇ ದುಡ್ಡು. 'ಗ್ರಾಂಟ್ ಓನ್ಲಿ', ಅಂದರೆ ಗ್ರಾಂಟ್ ತರುವ ಕೆಲಸ ಮಾತ್ರ, ಅಂತ ಕೇಳಿದರೆ ಬಹಳಷ್ಟು ಆಫೀಸುಗಳು ಹೀಗೆ ಹೇಳುತ್ತವೆ. ನನಗೆ ಇಷ್ಟವಾದದ್ದು ಇದು. ಆದರೆ ಏನೇನು ಸೇರಿಲ್ಲ ಅಂತ ಓದಲೇಬೇಕು. ನಾಲ್ಕಕ್ಕಿಂತ ಹೆಚ್ಚು ಬ್ಯಾಂಕ್ ಖಾತೆ, ಷೇರು, ವಿದೇಶದ ಆಸ್ತಿ, ಸಿಗದೇ ಹೋದ ವಾರಸುದಾರ, ಹೀಗೆ ಏನಾದರೂ ಬಂದ ಕೂಡಲೇ ಫಿಕ್ಸೆಡ್ ಹೋಗಿ ಗಂಟೆಯ ಲೆಕ್ಕ ಶುರುವಾಗುತ್ತದೆ.

ಐದನೇ ಹೆಜ್ಜೆ: ಫೀಸಲ್ಲದ ಖರ್ಚು

ಡಿಸ್ಬರ್ಸ್‌ಮೆಂಟ್ ಅಂದರೆ ನಿಮ್ಮ ಪರವಾಗಿ ಸಾಲಿಸಿಟರ್ ಬೇರೆಯವರಿಗೆ ಕಟ್ಟುವ ದುಡ್ಡು. ಇದು ಅವರ ಸಂಪಾದನೆಯಲ್ಲ. ದೊಡ್ಡದು ಪ್ರೊಬೇಟ್ ಅರ್ಜಿ ಶುಲ್ಕ. 5,000 ಪೌಂಡಿಗಿಂತ ಹೆಚ್ಚಿನ ಎಸ್ಟೇಟಿಗೆ ಇದು 2024ರ ಮೇ ತಿಂಗಳಲ್ಲಿ 273ರಿಂದ 300 ಪೌಂಡಿಗೆ ಏರಿತು. ಅರ್ಜಿ ಹಾಕುವ ದಿನ ಸರ್ಕಾರದ ಪುಟದಲ್ಲಿ ಇನ್ನೊಮ್ಮೆ ನೋಡಿ. ಗ್ರಾಂಟಿನ ಹೆಚ್ಚುವರಿ ಪ್ರತಿಗಳಿಗೆ ಬೇರೆ ಶುಲ್ಕ. ಅರ್ಜಿಯ ಜೊತೆಗೇ ಬೇಕಾದಷ್ಟು ಪ್ರತಿ ಕೇಳಿಬಿಟ್ಟರೆ ಒಂದೇ ಸಲಕ್ಕೆ ಹಲವು ಬ್ಯಾಂಕಿಗೆ ಕಳಿಸಬಹುದು.

ಇನ್ನುಳಿದವು ಚಿಲ್ಲರೆ. ಲ್ಯಾಂಡ್ ರಿಜಿಸ್ಟ್ರಿ ಪ್ರತಿ, ಮನೆಯ ಬೆಲೆ ಕಟ್ಟಿಸುವುದು, ವಾರಸುದಾರರು ದಿವಾಳಿಯಾಗಿದ್ದಾರಾ ಎಂಬ ತಪಾಸಣೆ. ಮೃತರಿಗೆ ಸಾಲ ಕೊಟ್ಟ, ನಮಗೆ ಗೊತ್ತಿಲ್ಲದವರು ಆಮೇಲೆ ಎದ್ದು ಬರದಂತೆ ಲಂಡನ್ ಗೆಜೆಟ್ ಎಂಬ ಸರ್ಕಾರಿ ಪತ್ರಿಕೆಯಲ್ಲಿ ಮತ್ತು ಆಸ್ತಿ ಇರುವ ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಹಾಕುವುದೂ ಉಂಟು. ಅದಾಗಿ ಎರಡು ತಿಂಗಳು ಕಾಯಬೇಕು. ಮನೆ ಮಾರುವುದಿದ್ದರೆ ಅದರ ಕನ್ವೇಯನ್ಸಿಂಗ್ (ಮಾರಾಟದ ಕಾಗದಪತ್ರದ ಕೆಲಸ) ಫೀಸು ಬೇರೆಯೇ. ಪ್ರೊಬೇಟ್ ಮಾಡಿದವರಿಗೇ ಅದನ್ನೂ ಕೊಡಬೇಕೆಂದಿಲ್ಲ.

ಆರನೇ ಹೆಜ್ಜೆ: ಊರಲ್ಲಿ ಆಸ್ತಿ ಇದ್ದರೆ

ಕನ್ನಡಿಗರ ಮನೆಗಳಲ್ಲಿ ಲೆಕ್ಕ ಏರುಪೇರಾಗುವುದು ಇಲ್ಲೇ. ಮಾವ 1980ರ ದಶಕದಲ್ಲಿ ಬೆಂಗಳೂರಿನ ವಿಜಯನಗರದಲ್ಲಿ ಒಂದು ಸೈಟು ತೆಗೆದಿದ್ದರು. ಆಗ ಕೊಟ್ಟದ್ದು ಸಾವಿರಗಳಲ್ಲಿ. ಈಗ ಕೋಟಿಗಳಲ್ಲಿ.

ಪ್ರೊಬೇಟ್ ಫೀಸನ್ನು ಸಾಲಿಸಿಟರುಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು ಎಂಬ ನಿಯಮ 2018ರ ಡಿಸೆಂಬರಿನಿಂದ ಇದೆ. ಒಳ್ಳೆಯ ನಿಯಮ. ಆದರೆ ಅದು ಅನ್ವಯಿಸುವುದು ತಕರಾರಿಲ್ಲದ, ಎಲ್ಲ ಆಸ್ತಿಯೂ ಬ್ರಿಟನ್ನಿನಲ್ಲೇ ಇರುವ ಎಸ್ಟೇಟುಗಳಿಗೆ. ಊರಲ್ಲಿ ಒಂದು ಸೈಟೋ ತೋಟವೋ ಇದ್ದರೆ ವೆಬ್‌ಸೈಟಿನ ದರ ನಿಮ್ಮ ದರವಲ್ಲ. ಮೊದಲ ಫೋನಿನಲ್ಲೇ 'ಭಾರತದಲ್ಲಿ ಆಸ್ತಿ ಇದೆ' ಅಂತ ಹೇಳಿಬಿಡಿ. ಮುಚ್ಚಿಟ್ಟು ಕಡಿಮೆ ದರ ಪಡೆದರೆ ನಡುವೆ ಅದು ಏರಿಯೇ ಏರುತ್ತದೆ.

ತೆರಿಗೆ ವಿಷಯಕ್ಕೆ ಬರೋಣ. 3,25,000 ಪೌಂಡಿನವರೆಗೆ ತೆರಿಗೆ ಇಲ್ಲ. ವಾಸದ ಮನೆ ಮಕ್ಕಳಿಗೋ ಮೊಮ್ಮಕ್ಕಳಿಗೋ ಹೋದರೆ ಇನ್ನೂ 1,75,000ದವರೆಗೆ ವಿನಾಯಿತಿ ಸಿಗಬಹುದು. ಮೇಲಿನದಕ್ಕೆ 40 ಪರ್ಸೆಂಟ್. ಗಂಡ ಹೆಂಡತಿ ನಡುವೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಹಾಗಾಗಿ ಅತ್ತೆ ಒಂದು ಪೆನ್ನಿಯೂ ಕಟ್ಟಬೇಕಿರಲಿಲ್ಲ. ತೆರಿಗೆಯೇ ಇಲ್ಲ ಅಂದಮೇಲೆ ಫಾರಂ ಯಾಕೆ ಅಂದುಕೊಂಡೆವು. ಅಲ್ಲೇ ಸಿಕ್ಕಿಬಿದ್ದೆವು. ವಿದೇಶದ ಆಸ್ತಿ 1,00,000 ಪೌಂಡಿಗಿಂತ ಹೆಚ್ಚಿದ್ದರೆ ತೆರಿಗೆ ಇಲ್ಲದಿದ್ದರೂ ಐಎಚ್‌ಟಿ400 ಎಂಬ ದೊಡ್ಡ ಫಾರಂ ತುಂಬಬೇಕು. ಒಂದು ಲಕ್ಷ ಪೌಂಡ್ ಅಂದರೆ ಒಂದು ಕೋಟಿ ಚಿಲ್ಲರೆ ರೂಪಾಯಿ. ಬೆಂಗಳೂರಿನಲ್ಲಿ ಹಳೆಯ ಬಡಾವಣೆಯ ಯಾವ ಸೈಟು ಅದರೊಳಗೆ ನಿಲ್ಲುತ್ತದೆ ಹೇಳಿ?

ಬೆಲೆಯನ್ನು ತೀರಿಕೊಂಡ ದಿನದ ಮಾರುಕಟ್ಟೆ ದರದಲ್ಲಿ ತೋರಿಸಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನ ಗೈಡೆನ್ಸ್ ವ್ಯಾಲ್ಯೂ ನಡೆಯುವುದಿಲ್ಲ. ಬೆಂಗಳೂರಿನ ವ್ಯಾಲ್ಯುಯರ್ ಒಬ್ಬರಿಂದ ವರದಿ ತರಿಸಿದೆವು.

ಇಲ್ಲಿ ಮಾತ್ರ ಕಾಸು ಉಳಿಸಲು ಹೋಗಬೇಡಿ. 2025ರ ಏಪ್ರಿಲ್ 6ರಿಂದ ಇಲ್ಲಿನ ನಿಯಮ ಬದಲಾಗಿದೆ. ಹಿಂದಿನ 20 ವರ್ಷಗಳಲ್ಲಿ 10 ವರ್ಷ ಇಲ್ಲಿ ವಾಸವಿದ್ದವರ ಪ್ರಪಂಚದ ಎಲ್ಲ ಆಸ್ತಿಯೂ ಸಾಮಾನ್ಯವಾಗಿ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಇದರ ಜೊತೆಗೆ ಭಾರತ ಮತ್ತು ಬ್ರಿಟನ್ ನಡುವೆ 1956ರ ಒಂದು ಹಳೆಯ ಒಪ್ಪಂದವಿದೆ. ಭಾರತ 1985ರಲ್ಲೇ ಎಸ್ಟೇಟ್ ಡ್ಯೂಟಿ ಕೈಬಿಟ್ಟರೂ ಒಪ್ಪಂದ ಉಳಿದುಕೊಂಡಿದೆ. ಕೆಲವು ಕುಟುಂಬಗಳಿಗೆ ಅದರಿಂದ ದೊಡ್ಡ ಉಳಿತಾಯ. 'ಈ ಒಪ್ಪಂದದ ಕೇಸು ನೀವು ಮಾಡಿದ್ದೀರಾ?' ಅಂತ ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿ. ನಮ್ಮ ಐಎಚ್‌ಟಿ400 ಮತ್ತು ಗ್ರಾಂಟ್ ಎರಡೂ ಸೇರಿ ಫಿಕ್ಸೆಡ್ ಆಗಿ 2,400 ಪೌಂಡ್, ವ್ಯಾಟ್ ಸೇರಿ 2,880 ಆಯಿತು. ಇದೇ ಮಾರುಕಟ್ಟೆ ದರ ಅಂತಲ್ಲ, ನಮಗಾದದ್ದು ಇಷ್ಟು.

ಇನ್ನೊಂದು ಸಣ್ಣ ಲಾಭ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಇಲ್ಲಿನ ಸಾಲಿಸಿಟರ್ ಫೀಸನ್ನು ಇನ್ಹೆರಿಟೆನ್ಸ್ ಟ್ಯಾಕ್ಸ್ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಅಂತ್ಯಕ್ರಿಯೆಯ ಖರ್ಚು ಮಾತ್ರ ಕಳೆಯಬಹುದು. ಆದರೆ ವಿದೇಶದ ಆಸ್ತಿಯನ್ನು ನಿಭಾಯಿಸಲು ಆದ ಹೆಚ್ಚುವರಿ ಖರ್ಚನ್ನು ಆ ಆಸ್ತಿಯ ಬೆಲೆಯ 5 ಪರ್ಸೆಂಟ್‌ವರೆಗೆ ಕಳೆಯಬಹುದು. ತೆರಿಗೆ ಕಟ್ಟಬೇಕಾದವರು ಬೆಂಗಳೂರಿನ ವಕೀಲರ ರಸೀದಿಯನ್ನು ಜೋಪಾನವಾಗಿಡಿ.

ಬೆಂಗಳೂರಿನ ಕೆಲಸವನ್ನು ಇಂಗ್ಲೆಂಡಿನ ಸಾಲಿಸಿಟರ್ ಮಾಡಲಾರರು. ಅವರ ಮೂಲಕ ಹೋದರೆ ಅಲ್ಲಿನ ವಕೀಲರ ಫೀಸಿನ ಜೊತೆ ಇವರ ಇಮೇಲಿನ ಯೂನಿಟ್‌ಗಳನ್ನೂ ಕಟ್ಟುತ್ತೀರಿ. ನೇರವಾಗಿ ನೀವೇ ವಕೀಲರನ್ನು ಹಿಡಿಯಿರಿ. ಬೆಂಗಳೂರಿನ ಆಸ್ತಿಯ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲ. ಮರಣ ಪ್ರಮಾಣಪತ್ರ, ವಿಲ್ ಅಥವಾ ವಂಶವೃಕ್ಷ, ಅಫಿಡವಿಟ್ ಇಟ್ಟುಕೊಂಡು ಖಾತಾ ಬದಲಾವಣೆಗೆ ಅರ್ಜಿ ಹಾಕುವುದು ರೂಢಿ. 'ಸೈಟು ಬಿಡಿಸಿಕೊಟ್ಟರೆ ಇಷ್ಟು ಪಾಲು ನನಗೆ' ಅನ್ನುವ ವಕೀಲರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಫಲಿತಾಂಶದ ಮೇಲೆ ಫೀಸು ಕಟ್ಟುವುದನ್ನೂ, ಗೆದ್ದದ್ದರಲ್ಲಿ ಪಾಲು ಕೇಳುವುದನ್ನೂ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ ಒಪ್ಪುವುದಿಲ್ಲ.

ಊರಿಗೆ ಹೋಗಲಾಗದವರು ಅಲ್ಲಿನ ನಂಟರಿಗೆ ಪವರ್ ಆಫ್ ಅಟಾರ್ನಿ ಕೊಡಬೇಕಾಗುತ್ತದೆ. ಅದಕ್ಕೆ ಇಲ್ಲಿನ ನೋಟರಿ ಅಥವಾ ಇಂಡಿಯನ್ ಹೈ ಕಮಿಷನ್ನಿನ ದೃಢೀಕರಣ ಬೇಕು. ನೋಟರಿ ಇಲ್ಲಿ ಬೇರೆಯೇ ವೃತ್ತಿ, ಬೇರೆಯೇ ಫೀಸು. ಪತ್ರ ಭಾರತ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಸ್ಟಾಂಪ್ ಮಾಡಿಸಬೇಕು.

ಏಳನೇ ಹೆಜ್ಜೆ: ಮೂರು ಕಡೆ ವಿಚಾರಿಸಿ, ಒಂದು ಕಡೆ ಸಹಿ ಹಾಕಿ

ಸೀರೆ ಅಂಗಡಿಯಲ್ಲಿ ನಾಲ್ಕು ಕಡೆ ವಿಚಾರಿಸುವ ನಾವು ವಕೀಲರ ಹತ್ತಿರ ರೇಟು ಕೇಳಲು ಸಂಕೋಚ ಪಡುತ್ತೇವೆ, ಅಲ್ವಾ? ಸಾವಿನ ಮನೆಯಲ್ಲಿ ದುಡ್ಡಿನ ಮಾತು ಬೇಡ ಅನ್ನಿಸುತ್ತದೆ. ಇಲ್ಲಿ ಹಾಗೆ ಕೇಳುವುದು ತೀರಾ ಮಾಮೂಲು. ಒಂದು ಹಾಳೆಯಲ್ಲಿ ಆಸ್ತಿ ಪಟ್ಟಿ ಮಾಡಿ. ಎಷ್ಟು ಖಾತೆ, ಯಾವ ಷೇರು, ಮನೆ ಯಾರ ಹೆಸರು, ವಾರಸುದಾರರು ಎಷ್ಟು ಜನ, ಊರಲ್ಲಿ ಏನಿದೆ. ಅದೇ ಹಾಳೆಯನ್ನು ಮೂರು ಆಫೀಸಿಗೆ ಕಳಿಸಿ. ಆಗ ಬರುವ ರೇಟುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು.

ಸಹಿ ಹಾಕುವ ಮೊದಲು ಅವರು ಕ್ಲೈಂಟ್ ಕೇರ್ ಲೆಟರ್ ಕೊಡುತ್ತಾರೆ. ಫೀಸಿನ ಅಂದಾಜು, ಕೆಲಸದ ವ್ಯಾಪ್ತಿ, ದೂರು ಎಲ್ಲಿ ಕೊಡಬೇಕು ಎಂಬುದೆಲ್ಲ ಅದರಲ್ಲಿರಬೇಕು. 'ವ್ಯಾಟ್ ಸೇರಿ ಇಷ್ಟು' ಅಂತ ಬರೆಸಿಕೊಳ್ಳಿ. 'ಅಂದಾಜು ದಾಟುವುದಾದರೆ ಮೊದಲೇ ತಿಳಿಸಿ, ನಾನು ಒಪ್ಪಿದ ಮೇಲೆ ಮುಂದುವರಿಯಿರಿ' ಎಂಬ ಒಂದು ಸಾಲನ್ನೂ ಹಾಕಿಸಿ. ಒಪ್ಪಂದ ಎಕ್ಸಿಕ್ಯೂಟರ್ ಹೆಸರಿನಲ್ಲಿರುತ್ತದೆ, ಆದರೆ ದುಡ್ಡು ಹೋಗುವುದು ಎಸ್ಟೇಟಿನಿಂದ. ಅಂದರೆ ಎಲ್ಲ ವಾರಸುದಾರರ ಪಾಲಿನಿಂದ. ಅತ್ತೆ ಆ ಪತ್ರವನ್ನು ಮಕ್ಕಳಿಗೂ ಕಳಿಸಿದ್ದರು. ಆಮೇಲೆ ಯಾರೂ ಇಷ್ಟು ಯಾಕೆ ಅಂತ ಕೇಳಲಿಲ್ಲ.

ತೆರಿಗೆ ಬರುವ ಎಸ್ಟೇಟ್ ಆದರೆ ಗಡುವನ್ನೂ ಬರೆದಿಟ್ಟುಕೊಳ್ಳಿ. ಸಾವಾದ ತಿಂಗಳ ನಂತರದ ಆರನೇ ತಿಂಗಳ ಕೊನೆಗೆ ತೆರಿಗೆ ಕಟ್ಟಬೇಕು. ಜನವರಿಯಲ್ಲಿ ತೀರಿಕೊಂಡಿದ್ದರೆ ಜುಲೈ 31. ಆಮೇಲೆ ಬಡ್ಡಿ ಬೀಳುತ್ತದೆ. ಗ್ರಾಂಟ್ ಇಲ್ಲದೆ ದುಡ್ಡು ಎತ್ತುವುದು ಹೇಗೆ ಅಂತ ಗಾಬರಿ ಬೇಡ. ಐಎಚ್‌ಟಿ423 ಫಾರಂ ಕೊಟ್ಟರೆ ಮೃತರ ಖಾತೆಯಿಂದಲೇ ಬ್ಯಾಂಕು ನೇರವಾಗಿ ತೆರಿಗೆ ಕಟ್ಟುತ್ತದೆ.

ಎಂಟನೇ ಹೆಜ್ಜೆ: ಕೆಲಸ ನಡೆಯುವಾಗ ಮೀಟರ್ ಮೇಲೆ ಕಣ್ಣಿಡಿ

ಗಂಟೆಯ ಲೆಕ್ಕವಾದರೆ ಆಟೋ ಮೀಟರ್ ಇದ್ದ ಹಾಗೆ. 'ಎಲ್ಲಿಗೆ ಬಂತು?' ಅಂತ ಕೇಳಿದರೂ ಓಡುತ್ತದೆ. ಮೊದಲ ಆಫೀಸಿಗೆ ನಾವು ಕೆಲಸ ಕೊಡದಿದ್ದರೂ ಒಂದು ಸಲಹೆಗೆ ಅಂತ ಹೋಗಿದ್ದೆವು. ಆ ವಾರ ಅತ್ತೆ ಎರಡು ಸಲ ಫೋನ್ ಮಾಡಿ ಸುಮ್ನೆ ವಿಚಾರಿಸಿದ್ದರು. ಬಿಲ್ಲಿನಲ್ಲಿ ಎರಡು ಯೂನಿಟ್ ಕೂತಿತ್ತು. ಆಮೇಲೆ ಅತ್ತೆ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಒಂದೇ ಇಮೇಲಿನಲ್ಲಿ ನನ್ನಿಂದ ಕಳಿಸುತ್ತಿದ್ದರು.

ವಾರಸುದಾರರಿಗೂ ಇದನ್ನು ಹೇಳಿ. ಸಾಲಿಸಿಟರ್ ಕೆಲಸ ಮಾಡುವುದು ಎಕ್ಸಿಕ್ಯೂಟರ್ ಪರವಾಗಿ. ವಾರಸುದಾರರು ಅವರ ಕ್ಲೈಂಟ್ ಅಲ್ಲ. ಆದರೂ ಮೂವರು ಮಕ್ಕಳು ಮೂರು ಕಡೆಯಿಂದ ಫೋನ್ ಮಾಡಿದರೆ ಅದರ ಯೂನಿಟ್‌ಗಳೆಲ್ಲ ಎಸ್ಟೇಟಿನ ಬಿಲ್ಲಿಗೇ ಬರುತ್ತವೆ. ಮನೆಯಲ್ಲಿ ಒಬ್ಬರೇ ಮಾತಾಡುವುದು ಅಂತ ಮಾಡಿಕೊಳ್ಳಿ. ಖಾತೆ ಪುಸ್ತಕ, ಷೇರು ಪತ್ರ, ಬಿಲ್ಲುಗಳನ್ನು ಪಟ್ಟಿ ಹಚ್ಚಿ ಜೋಡಿಸಿ ಕೊಡಿ. ಚೀಲದಲ್ಲಿ ತುಂಬಿ ಕೊಟ್ಟರೆ ಅದನ್ನು ಜೋಡಿಸುವುದಕ್ಕೂ ಗಂಟೆಯ ದರ.

ಜಗಳ ಶುರುವಾದರೆ ಇದುವರೆಗಿನ ಯಾವ ಅಂದಾಜೂ ನಿಲ್ಲುವುದಿಲ್ಲ. ತನಗೆ ಸಾಕಷ್ಟು ಬಿಟ್ಟಿಲ್ಲ ಅಂತ ಹತ್ತಿರದ ಸಂಬಂಧಿಕರು ಗ್ರಾಂಟ್ ಬಂದ ಆರು ತಿಂಗಳೊಳಗೆ 1975ರ ಕಾನೂನಿನಡಿ ಕೋರ್ಟಿಗೆ ಹೋಗಬಹುದು. ಅಂಥ ಸೂಚನೆ ಇದ್ದರೆ ಆ ಅವಧಿ ಮುಗಿಯುವ ಮೊದಲು ಹಂಚಬೇಡಿ.

ಒಂಬತ್ತನೇ ಹೆಜ್ಜೆ: ಬಿಲ್ಲು ಜಾಸ್ತಿ ಅನ್ನಿಸಿದರೆ

ಬಿಲ್ಲು ಕೊಡದೆ ಎಸ್ಟೇಟಿನ ದುಡ್ಡಿನಿಂದ ಫೀಸು ಕಡಿದುಕೊಳ್ಳುವಂತಿಲ್ಲ. ಬಿಲ್ಲು ಬಂದ ಮೇಲೆ ಯಾವ ದಿನ ಯಾರು ಏನು ಮಾಡಿದರು ಅಂತ ವಿವರ ಕೇಳಿ. ಬರೀ ಒಟ್ಟು ಮೊತ್ತ ನೋಡಿ ವಾದ ಮಾಡಲು ಆಗದು.

ಸಮಾಧಾನವಾಗದಿದ್ದರೆ ಮೊದಲು ಆ ಆಫೀಸಿಗೇ ಲಿಖಿತ ದೂರು ಕೊಡಿ. ಅವರಿಗೆ ಎಂಟು ವಾರ ಸಮಯ. ಆಮೇಲೂ ಬಗೆಹರಿಯದಿದ್ದರೆ ಲೀಗಲ್ ಆಂಬುಡ್ಸ್‌ಮನ್. ಅಲ್ಲಿ ನಿಮಗೆ ಫೀಸು ಇಲ್ಲ. ಕೊನೆಯ ಉತ್ತರ ಬಂದ ಆರು ತಿಂಗಳೊಳಗೆ, ತೊಂದರೆ ಆದ ಅಥವಾ ಗೊತ್ತಾದ ಒಂದು ವರ್ಷದೊಳಗೆ ಹೋಗಬೇಕು. ವಾರಸುದಾರರೂ ಇಲ್ಲಿ ದೂರು ಕೊಡಬಹುದು.

ದೊಡ್ಡ ಮೊತ್ತವಾದರೆ 1974ರ ಸಾಲಿಸಿಟರ್ಸ್ ಆಕ್ಟ್ ಪ್ರಕಾರ ಕೋರ್ಟಿನಿಂದಲೇ ಬಿಲ್ಲು ಪರಿಶೀಲನೆ ಮಾಡಿಸಬಹುದು. ಬಿಲ್ಲು ಬಂದ ಒಂದು ತಿಂಗಳೊಳಗೆ ಕೇಳಿದರೆ ಅದು ಹಕ್ಕು. ಆಮೇಲೆ ಕೋರ್ಟು ಒಪ್ಪಬೇಕು, ಷರತ್ತೂ ಹಾಕಬಹುದು. ಒಂದು ವರ್ಷ ದಾಟಿದರೆ ವಿಶೇಷ ಕಾರಣ ತೋರಿಸಬೇಕು. ಇಲ್ಲಿ ಐದನೇ ಒಂದರ ನಿಯಮ ಅಂತ ಇದೆ. ಬಿಲ್ಲು ಐದನೇ ಒಂದು ಭಾಗ ಅಥವಾ ಹೆಚ್ಚು ಇಳಿದರೆ ಪರಿಶೀಲನೆಯ ಖರ್ಚು ಸಾಮಾನ್ಯವಾಗಿ ಸಾಲಿಸಿಟರ್ ತಲೆಗೆ. ಅಷ್ಟು ಇಳಿಯದಿದ್ದರೆ ನಿಮ್ಮ ತಲೆಗೆ. 6,000 ಪೌಂಡಿನ ಬಿಲ್ಲಿನಲ್ಲಿ 1,200 ಇಳಿಯಬೇಕು. 500 ಇಳಿಸಲು ಕೋರ್ಟಿಗೆ ಹೋಗುವುದು ನಷ್ಟದ ವ್ಯಾಪಾರ. ಅಷ್ಟಕ್ಕೆ ಒಂದು ಗಟ್ಟಿ ಪತ್ರ ಸಾಕು. ಆ ಎರಡು ಫೋನಿನ ಯೂನಿಟ್‌ಗಳನ್ನು ನಾವು ಹಾಗೇ ತೆಗೆಸಿದೆವು.

ಎಲ್ಲ ಮುಗಿದ ಮೇಲೆ ಮೂಲ ಕಾಗದಗಳನ್ನು ಪಟ್ಟಿ ಮಾಡಿ ವಾಪಸ್ ಕೇಳಿ. ವಿಜಯನಗರದ ಸೈಟಿನ ಕ್ರಯಪತ್ರವನ್ನು ಬೆಲೆ ತೋರಿಸಲು ಅಂತ ಕೊಟ್ಟಿದ್ದೆವು. ಬೆಂಗಳೂರಿನ ವಕೀಲರು ಅಸಲು ಕೇಳಿದ ದಿನ ಅದು ಇಲ್ಲಿನ ಸಾಲಿಸಿಟರ್ ಫೈಲಿನಲ್ಲೇ ಉಳಿದಿದೆ ಅಂತ ಗೊತ್ತಾಯಿತು. ಅತ್ತೆ ತಾವೇ ಬಸ್ಸು ಹತ್ತಿ ಹೋಗಿ ತಂದರು. ಫೋನ್ ಮಾತ್ರ ಮಾಡಲಿಲ್ಲ.